ಎರಡನೇ ಸಾಲಿನ ದಿವಂಗತರು

“ಸಾರ್, ಗಿರಾಕಿಗೆ ಕಣ್ಣೇ ಇಲ್ಲದಿದ್ದರೆ ಡಿಸೈನರ್ ಏನು ಮಾಡಬೇಕು?”

ಟೀ ಅಂಗಡಿಯಲ್ಲಿ ಕೂತು ಹೀಗೆ ಕೇಳಿದವಳು ಇಂಚರಾ. ನನ್ನ ಹತ್ತಿರ ವಿನ್ಯಾಸ ಕಲಿಯುವ ಹುಡುಗಿ, ಮೂರನೇ ವರ್ಷ. ಮೊದಲ ಸಲ ಹೊರಗಿನ ಕೆಲಸವೊಂದನ್ನು ಒಪ್ಪಿಕೊಂಡಿದ್ದಳು. ಊರಿನಲ್ಲಿ ಹೊಸದಾಗಿ ಒಂದು ಖಾನಾವಳಿ ಶುರುವಾಗುವುದಿತ್ತು, ಅದರ ಆಮಂತ್ರಣ ಪತ್ರ. ಖಾನಾವಳಿಯ ಯಜಮಾನಿ ಅದನ್ನೂ ಹಾಕು ಇದನ್ನೂ ಹಾಕು ಎಂದು ಅಂದ ಕೆಡಿಸುತ್ತಿದ್ದಾಳೆಂದು ಇಂಚರಾಳ ದೂರು. ನಾಳೆ ಬೆಳಿಗ್ಗೆ ಹೋಗಿ, ಈ ಕೆಲಸ ನನಗೆ ಬೇಡ ಎಂದು ಹೇಳಿಬರುವುದೆಂದು ಆಗಲೇ ತೀರ್ಮಾನ ಮಾಡಿದ್ದಳು. ಹಾಗೆ ಹೇಳಬಹುದು ಎಂಬ ಮಾತು ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಳು, ಅಷ್ಟೆ.

ನಾನು ಹೇಳಿದೆ:

ಸರಿಯಾದವನನ್ನೇ ಕೇಳಿದೆ ತಾಯಿ. ಈ ರಾಜ್ಯದಲ್ಲಿ ಮೂರು ದೊಡ್ಡ ಬ್ಯಾಂಕುಗಳ ಚಿಹ್ನೆ ಬರೆದವನು ನಾನು. ಸುಳ್ಳು. ಒಂದು ಬ್ಯಾಂಕಿಗೆ ‘ಪೆನ್ನು ತೆಗೆದುಕೊಂಡು ಹೋಗಬೇಡಿ’ ಎಂಬ ಚೀಟಿ ಬರೆದುಕೊಟ್ಟಿದ್ದೆ. ಆ ಚೀಟಿಯನ್ನೇ ಯಾರೋ ತೆಗೆದುಕೊಂಡು ಹೋದರು. ಆದರೆ ಈಗ ಹೇಳುವ ಕತೆ ನಿಜ. ಮುಕ್ಕಾಲು ಪಾಲಾದರೂ ನಿಜ. ಉಳಿದ ಕಾಲು ಪಾಲು ಯಾವುದೆಂದು ಕೇಳಬೇಡ, ನನಗೂ ಮರೆತುಹೋಗಿದೆ.

ಒಂದು ಊರಿನಲ್ಲಿ ಒಬ್ಬ ಡಿಸೈನರ್ ಇದ್ದ. ದೊಡ್ಡ ಶಾಲೆಯಲ್ಲಿ ಕಲಿತು ಬಂದವನು. ಅಂಗಡಿಯ ಬೋರ್ಡು, ಅಗರಬತ್ತಿಯ ಪೊಟ್ಟಣ, ಲಗ್ನಪತ್ರಿಕೆ, ಬಂದ ಕೆಲಸ ಮಾಡುತ್ತಿದ್ದ. ಕೈ ಚೊಕ್ಕ. ಸೊಟ್ಟಗಿರುವುದು ಏನು ಕಂಡರೂ ಅವನಿಗೆ ಸಹಿಸಲಾಗುತ್ತಿರಲಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೆ ಮೊದಲು ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ ಆಮೇಲೆ ಎಲೆಯ ಮುಂದೆ ಕೂರುತ್ತಿದ್ದ. ಕೂತ ಮೇಲೆ ಉಪ್ಪಿನಕಾಯಿಯನ್ನು ಪಲ್ಯದ ಸಾಲಿಗೆ ಸರಿಸುತ್ತಿದ್ದ. ಬಡಿಸಿದವರು ಬೈದುಕೊಳ್ಳುತ್ತಿದ್ದರು.

ಗಿರಾಕಿಗಳ ಮೇಲೆ ಅವನಿಗೆ ಕೋಪವಿರಲಿಲ್ಲ. ಕನಿಕರವಿತ್ತು. ಪಾಪ, ದೇವರು ಇವರಿಗೆ ದುಡ್ಡು ಕೊಟ್ಟ, ಕಣ್ಣು ಕೊಡಲಿಲ್ಲ ಎಂದುಕೊಳ್ಳುತ್ತಿದ್ದ.

ಒಂದು ದಿನ ಅವನ ಹತ್ತಿರ ಒಬ್ಬ ವ್ಯಾಪಾರಿ ಬಂದ. ಬೇಳೆಕಾಳಿನ ವ್ಯಾಪಾರಿ. ಮಗಳ ಮದುವೆಗೆ ಲಗ್ನಪತ್ರಿಕೆ ಆಗಬೇಕಿತ್ತು. ಕೈಯಲ್ಲಿ ಒಂದು ಹಾಳೆ ತಂದಿದ್ದ. ಅದರ ಮುಂಭಾಗದಲ್ಲಿ ಮುಹೂರ್ತ, ಛತ್ರ, ಗಂಡಿನ ಕಡೆಯ ವಿವರ. ಹಿಂಭಾಗದಲ್ಲಿ ‘ತಮ್ಮ ಆಗಮನವನ್ನು ಬಯಸುವವರು’ ಎಂದು ಬರೆದು, ಕೆಳಗೆ ಇಪ್ಪತ್ತಮೂರು ಹೆಸರು.

ಡಿಸೈನರ್ ಹೆಸರುಗಳನ್ನು ಎಣಿಸಿ, ಐದು ಸಾಕು ಎಂದ. ಇಪ್ಪತ್ತಮೂರೂ ಬೇಕು ಎಂದ ವ್ಯಾಪಾರಿ. ಕಾಗದದ ಮೇಲೆ ಬಿಳಿ ಜಾಗ ಬಿಟ್ಟರೇ ಅಂದ ಎಂದು ಡಿಸೈನರ್ ತಿಳಿಸಿ ಹೇಳಿದ. ಜಾಗ ಬಿಡದಿದ್ದರೆ ಕಾಗದ ಬೇಸರ ಮಾಡಿಕೊಳ್ಳುವುದಿಲ್ಲ, ಹೆಸರು ಬಿಟ್ಟರೆ ಅತ್ತಿಗೆ ಮಾಡಿಕೊಳ್ಳುತ್ತಾಳೆ ಎಂದು ವ್ಯಾಪಾರಿಯೂ ಅಷ್ಟೇ ಸಮಾಧಾನದಿಂದ ಹೇಳಿದ. ಇಪ್ಪತ್ತಮೂರೂ ಉಳಿದವು.

ಮೊದಲ ಹೆಸರು ವ್ಯಾಪಾರಿಯ ತಂದೆಯದು, ಶ್ರೀ ಕೊಟ್ರಪ್ಪ. ಎಂಬತ್ತನಾಲ್ಕು ವರ್ಷ, ಇನ್ನೂ ಕೋಡುಬಳೆ ಕಡಿಯುತ್ತಿದ್ದರು. ಎರಡನೆಯದು ವ್ಯಾಪಾರಿಯ ಅಣ್ಣನದು, ಶ್ರೀ ಮೃತ್ಯುಂಜಯಪ್ಪ. ಅವರು ಹಿಂದಿನ ವರ್ಷ ತೀರಿಕೊಂಡಿದ್ದರು. ತೀರಿಕೊಂಡವರಿಗೆ ಮೃತ್ಯುಂಜಯ ಎಂಬ ಹೆಸರನ್ನು ಕತೆಗೆ ಬೇಕೆಂದು ನಾನು ಇಟ್ಟೆ ಎಂದು ನಿನಗೆ ಅನುಮಾನ. ಇಟ್ಟದ್ದು ನಾನಲ್ಲ, ಅವರಪ್ಪ.

ಹೋದವರ ಹೆಸರನ್ನೂ ಕರೆಯುವವರ ಪಟ್ಟಿಯಲ್ಲಿ ಸೇರಿಸುವುದು ಆ ಮನೆಯ ಪದ್ಧತಿ. ತೀರಿಹೋದವರೂ ಮನೆಯ ಮದುವೆಗೆ ಬಾಗಿಲಲ್ಲಿ ನಿಂತು ಕರೆಯುತ್ತಾರೆ ಎಂಬ ನಂಬಿಕೆ. ಅಂಥವರ ಹೆಸರಿನ ಮುಂದೆ ದಿ ಎಂದು ಬರೆದು ಎರಡು ಗೀಟು ಹಾಕುತ್ತಾರಲ್ಲ, ದಿವಂಗತ ಎಂಬುದರ ಗುರುತು, ಅದು ಆ ಹಾಳೆಯಲ್ಲೂ ಇತ್ತು. ಆದರೆ ಸಾಲಿನೊಳಗೆ ಇರಲಿಲ್ಲ. ಹೆಸರುಗಳೆಲ್ಲ ನೀಲಿ ಶಾಯಿಯಲ್ಲಿ, ದುಂಡಗೆ, ಒಂದು ಕಡೆ ಮಾತ್ರ ಎರಡು ಒಂದೇ ಸಾಲಿನಲ್ಲಿ, ಉಳಿದವು ಒಂದರ ಕೆಳಗೊಂದು. ದಿ ಮಾತ್ರ ಕಪ್ಪು ಶಾಯಿಯಲ್ಲಿ, ಎಡಗಡೆಯ ಅಂಚಿನಲ್ಲಿ, ಸೊಟ್ಟಗೆ. ಡಿಸೈನರ್ ಅದನ್ನು ನೋಡಿ ಒಳಗೊಳಗೇ ನಕ್ಕ. ಕಣ್ಣಿಲ್ಲದವರ ಕೆಲಸ ಎಂದುಕೊಂಡ.

ಕಂಪ್ಯೂಟರಿನಲ್ಲಿ ಅವನು ಹೆಸರುಗಳ ಎಡ ಅಂಚನ್ನು ನೂಲು ಹಿಡಿದ ಹಾಗೆ ಜೋಡಿಸಿದ. ದಿ ಒಳಗೆ ಬಂದರೆ ಆ ಅಂಚು ಕೆಡುತ್ತದೆ. ಅದಕ್ಕೆ ಅದನ್ನು ಬೇರೆಯಾಗಿ ಮಾಡಿ, ಎರಡನೇ ಸಾಲಿನ ಎದುರಿಗೆ ಇಟ್ಟ. ಹೆಸರಿಗೆ ಅಂಟಿಸಲಿಲ್ಲ. ಪಕ್ಕದಲ್ಲಿ ಇಟ್ಟ, ಅಷ್ಟೆ. ವ್ಯಾಪಾರಿ ಬಂದು ಪ್ರೂಫ್ ಓದಿದ. ಬೆರಳಿಟ್ಟುಕೊಂಡು ಎರಡು ಸಲ ಓದಿದ. ಸರಿಯಾಗಿದೆ ಎಂದು ಸಹಿ ಹಾಕಿ ಹೋದ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಗಿರಾಕಿಯ ಸಹಿ ಬಿದ್ದ ಮೇಲೆ ಕೈಕಟ್ಟಿ ಕೂರುವವನು ಒಳ್ಳೆಯ ಡಿಸೈನರ್. ಇವನು ತುಂಬಾ ಒಳ್ಳೆಯ ಡಿಸೈನರ್. ಕೂರಲಿಲ್ಲ.

ಮತ್ತೊಮ್ಮೆ ನೋಡಿದಾಗ ಹೆಸರುಗಳ ಬಲ ಅಂಚು ಅವನ ಕಣ್ಣಿಗೆ ಚುಚ್ಚಿತು. ಒಂದು ಹೆಸರು ಉದ್ದ, ಮುಂದಿನದು ಗಿಡ್ಡ, ಆಮೇಲೆ ಮತ್ತೆ ಉದ್ದ, ಹಲ್ಲು ಮುರಿದ ಬಾಚಣಿಗೆಯ ಹಾಗೆ. ಗಿಡ್ಡ ಹೆಸರುಗಳನ್ನು ಮೇಲೆ ತಂದು ಉದ್ದನೆಯವನ್ನು ಕೆಳಗೆ ಇಳಿಸಿದರೆ ಮೆಟ್ಟಿಲಿನಂತೆ ಕಾಣುತ್ತದಲ್ಲ ಎಂದು ಹೊಳೆಯಿತು. ಇಪ್ಪತ್ತಮೂರು ಜನ ಅವರೇ. ಒಬ್ಬರನ್ನೂ ಬಿಟ್ಟಿಲ್ಲ. ಗಿರಾಕಿಗೆ ಹೋಗುವುದೇನು? ಜರುಗಿಸಿದ. ಎಲ್ಲರಿಗಿಂತ ಮೇಲೆ ಕು|| ಉಮಾ ಬಂದಳು. ಅವಳು ಇನ್ನೂ ಅಂಗನವಾಡಿಗೆ ಹೋಗುವ ಮಗು. ಅವಳ ಕೆಳಗೆ ಶ್ರೀ ಕೊಟ್ರಪ್ಪ. ಶ್ರೀ ಮೃತ್ಯುಂಜಯಪ್ಪ ಹದಿನೆಂಟನೇ ಮೆಟ್ಟಿಲಿಗೆ ಇಳಿದರು.

ಹೆಸರುಗಳು ಜರುಗಿದವು. ದಿ ಜರುಗಲಿಲ್ಲ. ಅದು ಎರಡನೇ ಸಾಲಿನ ಎದುರಿಗೇ ನಿಂತಿತ್ತು.

ಪ್ರೆಸ್ಸಿನವನು ಹಳಬ. ಅವನಿಗೆ ಏನೋ ಕಸಿವಿಸಿಯಾಯಿತು. ಈ ದಿ ಸರಿಯಾದ ಜಾಗದಲ್ಲಿದೆಯೇ ಎಂದು ಕೇಳಿದ. ಡಿಸೈನರ್ ಸ್ಕೇಲು ತೆಗೆದ. ಮೇಲಿನಿಂದ ಅಳೆದ, ಎಡದಿಂದ ಅಳೆದ. ಕೂದಲೆಳೆಯಷ್ಟೂ ಆಚೀಚೆ ಇಲ್ಲ ಎಂದ. ಓದಿದವರ ಎದುರು ಪ್ರೆಸ್ಸಿನವನು ಮಾತು ಬೆಳೆಸಲಿಲ್ಲ. ಯಂತ್ರ ಓಡಿತು. ಎಂಟುನೂರು ಕಾರ್ಡು. ಸರಿ, ಆರುನೂರು.

ಆ ಮನೆಯಲ್ಲಿ ಮೊದಲ ಕಾರ್ಡು ದೇವರ ಮುಂದೆ, ಎರಡನೆಯದು ಹಿರಿಯರ ಕೈಗೆ. ಹಿರಿಯರು ಗಟ್ಟಿಯಾಗಿ ಓದಬೇಕು, ಮನೆಮಂದಿ ಕೂತು ಕೇಳಬೇಕು. ಕೊಟ್ರಪ್ಪಜ್ಜ ಕನ್ನಡಕ ಹಾಕಿಕೊಂಡು ಓದಿದರು. ಮುಹೂರ್ತ ಓದಿದರು, ಛತ್ರ ಓದಿದರು. ಕು|| ಉಮಾ ಎಂದರು. ಮಗು ಚಪ್ಪಾಳೆ ತಟ್ಟಿತು. ದಿವಂಗತ ಎಂದರು. ಆಮೇಲೆ ತಮ್ಮ ಹೆಸರು ಓದಿದರು.

ಅರ್ಧ ಗಂಟೆಯೊಳಗೆ ವ್ಯಾಪಾರಿ ಡಿಸೈನರನ ಮುಂದೆ ನಿಂತಿದ್ದ. ಬೈಯಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು ಎರಡನೇ ಸಾಲಿನ ಮೇಲೆ ಬೆರಳಿಟ್ಟ. ಡಿಸೈನರ್ ಅಷ್ಟು ದಿನ ಆ ಸಾಲನ್ನು ನೋಡಿದ್ದ. ಆಗ ಮೊದಲ ಸಲ ಓದಿದ.

ಮನೆಯ ಸುದ್ದಿಯನ್ನು ವ್ಯಾಪಾರಿಯೇ ಹೇಳಿದ. ಹೆಂಗಸರು ಅಳುತ್ತಿದ್ದಾರೆ. ಇದು ಅಪಶಕುನ, ಮದುವೆ ನಿಲ್ಲಿಸಿ ಎಂದು ಕೆಲವು ನೆಂಟರು ಎದ್ದು ನಿಂತಿದ್ದಾರೆ. ಗಂಡಿನ ಕಡೆಯವರಿಗೆ ತಿಳಿದರೆ ಅವರೇ ಬೇಡ ಎಂದುಬಿಡಬಹುದು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಎಲ್ಲರೂ ಅಜ್ಜನ ಮುಖ ನೋಡುತ್ತಿದ್ದಾರೆ. ಅವರು ನಡೆಯಲಿ ಎಂದರೆ ಮದುವೆ ಉಂಟು, ಬೇಡ ಎಂದರೆ ಇಲ್ಲ. ಅವರು ಎರಡನ್ನೂ ಹೇಳಿಲ್ಲ. ಕಾರ್ಡು ಮಾಡಿದವನನ್ನು ಕರೆದುಕೊಂಡು ಬಾ ಎಂದಿದ್ದಾರೆ.

ಡಿಸೈನರ್ ಹೊರಟ. ದಾರಿಯಲ್ಲಿ ಓಡಿಹೋಗಲು ಅನುಕೂಲವಾದ ಎರಡು ಸಂದಿಗಳಿದ್ದವು. ಎರಡನ್ನೂ ಚೆನ್ನಾಗಿ ನೋಡಿಕೊಂಡು ಮುಂದೆ ಹೋದ. ಇದೆಲ್ಲ ನಿಮಗೆ ಹೇಗೆ ಗೊತ್ತು ಎನ್ನಬೇಡ, ಕತೆ ಕೇಳು.

ಪಡಸಾಲೆಯ ತುಂಬ ಜನ. ನಡುವೆ ಅಜ್ಜ. ಡಿಸೈನರ್ ಹೋದವನೇ ಅವರ ಕಾಲಿಗೆ ಬಿದ್ದ.

“ಹೂವಿನ ಹಾರ ಎಲ್ಲಪ್ಪಾ?” ಎಂದರು ಅಜ್ಜ. “ಸತ್ತವರನ್ನು ನೋಡಲು ಬರಿಗೈಯಲ್ಲಿ ಬಂದೆಯಲ್ಲ.”

ನಗಲು ಯಾರಿಗೂ ಧೈರ್ಯ ಬರಲಿಲ್ಲ. ಅಜ್ಜ ಒಬ್ಬರೇ ನಕ್ಕರು. ನಕ್ಕು ಕೆಮ್ಮು ಬಂತು. ಕೆಮ್ಮು ಕೇಳಿ ಒಳಗೆ ಅಳು ಜೋರಾಯಿತು.

ಅಜ್ಜ ಕಾರ್ಡನ್ನು ಅವನ ಕೈಗೆ ಕೊಟ್ಟು, ಇಷ್ಟು ಜನರಲ್ಲಿ ನಿನಗೆ ಯಾರು ಯಾರು ಗೊತ್ತು ಎಂದು ಕೇಳಿದರು. ವಾರವಿಡೀ ಅವನು ಆ ಹೆಸರುಗಳ ಜೊತೆ ಕಳೆದಿದ್ದ. ಯಾವುದು ಎಷ್ಟು ಉದ್ದ ಎಂದು ಕಣ್ಣುಮುಚ್ಚಿ ಹೇಳಬಲ್ಲವನಾಗಿದ್ದ. ಅವರು ಯಾರೆಂದು ಮಾತ್ರ ಗೊತ್ತಿರಲಿಲ್ಲ.

ಹಾಗಾದರೆ ಕೂತುಕೋ ಎಂದು ಅಜ್ಜ ಒಬ್ಬೊಬ್ಬರನ್ನಾಗಿ ಹೇಳುತ್ತ ಹೋದರು. ಇವಳು ನನ್ನ ಮಗಳು, ಎಂಟು ವರ್ಷದಿಂದ ಈ ಹೊಸಿಲು ತುಳಿದಿಲ್ಲ. ಅಣ್ಣತಮ್ಮಂದಿರ ಜೊತೆಗೇ ನನ್ನ ಹೆಸರು ಬಂದರೆ ಬರುತ್ತೇನೆ ಎಂದಿದ್ದಳು. ಅದಕ್ಕೇ ಅವಳನ್ನು ಮೂರನೆಯವಳಾಗಿ ಬರೆದಿತ್ತು, ನೀನು ಹದಿನೇಳಕ್ಕೆ ಇಳಿಸಿದ್ದೀಯೆ. ಇವರಿಬ್ಬರು ಅಳಿಯಂದಿರು. ಇವನ ಹೆಸರು ಕೆಳಗೆ ಬಂದರೆ ಇವನು ಊಟ ಮಾಡುವುದಿಲ್ಲ, ಅವನದು ಬಂದರೆ ಅವನು ಮಾಡುವುದಿಲ್ಲ. ಅದಕ್ಕೇ ಇಬ್ಬರನ್ನೂ ಒಂದೇ ಸಾಲಿನಲ್ಲಿ ಬರೆದಿತ್ತು, ನೀನು ಬಿಡಿಸಿ ಎರಡು ಮಾಡಿದ್ದೀಯೆ. ಇನ್ನು ಈ ಮೆಹಬೂಬಿ ನಮ್ಮ ನೆಂಟಳಲ್ಲ, ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವವಳು. ಮದುಮಗಳು ಕೂಸಾಗಿದ್ದಾಗ ಜ್ವರ ಬಂದು ಹನ್ನೊಂದು ದಿನ ಬಿಡಲಿಲ್ಲ. ಹನ್ನೊಂದು ದಿನವೂ ಎತ್ತಿಕೊಂಡು ಕೂತವಳು ಇವಳು. ಅವಳನ್ನು ಸೋದರತ್ತೆಯ ಪಕ್ಕದಲ್ಲಿ ಬರೆದಿತ್ತು.

ಆ ಮನೆಯವರು ವರ್ಷಗಟ್ಟಲೆ ಜಗಳವಾಡಿ, ರಾಜಿಯಾಗಿ, ಯಾರ ಪಕ್ಕದಲ್ಲಿ ಯಾರು ಕೂರಬೇಕೆಂದು ಗೊತ್ತುಮಾಡಿಕೊಂಡ ಪಂಕ್ತಿ ಅದು. ಡಿಸೈನರ್ ಎಲ್ಲರನ್ನೂ ಎಬ್ಬಿಸಿ ಎತ್ತರ ನೋಡಿ ಕೂರಿಸಿದ್ದ.

ಮೃತ್ಯುಂಜಯಪ್ಪನ ಹೆಸರು ಬಂದಾಗ ಅಜ್ಜ ವ್ಯಾಪಾರಿಯನ್ನು ತೋರಿಸಿದರು. ವ್ಯಾಪಾರಿ ತಲೆ ತಗ್ಗಿಸಿದ.

“ಪಟ್ಟಿ ಬರೆದವನು ಇವನೇ. ಎಲ್ಲರ ಹೆಸರನ್ನೂ ಒಂದೇ ಸಲಕ್ಕೆ ಬರೆದ. ಅಣ್ಣನ ಹೆಸರಿನ ಮುಂದೆ ದಿ ಹಾಕಲು ಇವನ ಕೈಲಿ ಆಗಲಿಲ್ಲ. ಮೂರು ದಿನ ಹಾಳೆ ಹಾಗೇ ಬಿದ್ದಿತ್ತು. ಕೊನೆಗೆ ನಾನೇ ಬೇರೆ ಪೆನ್ನು ತೆಗೆದುಕೊಂಡು ಅಂಚಿನಲ್ಲಿ ಬರೆದೆ. ಕೈ ನೆಟ್ಟಗೆ ನಿಲ್ಲಲಿಲ್ಲ. ನಿನಗೆ ಅದು ಸೊಟ್ಟ ಕಂಡಿತೇನಪ್ಪಾ?”

ಡಿಸೈನರ್ ಕಾರ್ಡನ್ನು ಅಜ್ಜನ ಕಡೆ ಚಾಚಿದ.

ಅಜ್ಜ ಅದನ್ನು ಇಸಿದುಕೊಂಡು ನೋಡಿದರು. “ಅಪ್ಪನ ಮುಂದೆ ದಿ, ಮಗನ ಮುಂದೆ ಶ್ರೀ. ಆಗಬೇಕಾಗಿದ್ದದ್ದು ಹೀಗೇ. ದೇವರಿಗೆ ಹೊಳೆಯಲಿಲ್ಲ, ನಿನಗೆ ಹೊಳೆಯಿತು” ಎಂದರು.

ಆಮೇಲೆ ಕೂಡಿದವರ ಕಡೆ ತಿರುಗಿ, ಗೊತ್ತಾದ ದಿನವೇ ಮದುವೆ ನಡೆಯಲಿ ಎಂದರು. ಹೊಸ ಕಾರ್ಡು ಬರಲಿ, ಗಂಡಿನ ಮನೆಗೆ ನಾನೇ ತೆಗೆದುಕೊಂಡು ಹೋಗುತ್ತೇನೆ, ಅಪಶಕುನ ಎನ್ನುವವರು ನನ್ನನ್ನು ಮುಟ್ಟಿ ನೋಡಲಿ ಎಂದರು. ಎದ್ದು ನಿಂತಿದ್ದ ನೆಂಟರು ಕೂತುಕೊಂಡರು. ಕೋಣೆಯ ಅಗುಳಿ ತೆಗೆದ ಸದ್ದು ಪಡಸಾಲೆಯವರಿಗೆಲ್ಲ ಕೇಳಿಸಿತು.

ಡಿಸೈನರ್ ಅಲ್ಲೇ ನೆಲದ ಮೇಲೆ ಕೂತು ಹೊಸ ಹಾಳೆಯಲ್ಲಿ ಕೈಯಿಂದಲೇ ಪಟ್ಟಿ ಬರೆದ. ಒಂದೊಂದು ಹೆಸರಿಗೂ ಅಜ್ಜನನ್ನು ಕೇಳಿ ಬರೆದ. ಬಲ ಅಂಚು ಮತ್ತೆ ಹಲ್ಲು ಮುರಿದ ಬಾಚಣಿಗೆಯಾಯಿತು. ಮದುಮಗಳು ಅವನಿಗೆ ನೀರು ತಂದುಕೊಟ್ಟಳು. ಬೈದುಕೊಂಡೇ ಕೊಟ್ಟಳು. ಇಬ್ಬರು ಅಳಿಯಂದಿರೂ ಅವನ ಎರಡು ಪಕ್ಕದಲ್ಲಿ ನಿಂತು, ತಮ್ಮ ತಮ್ಮ ಹೆಸರು ಬರುವವರೆಗೂ ಕದಲಲಿಲ್ಲ.

ಎರಡನೇ ಪ್ರೂಫ್ ಓದುವಾಗ ವ್ಯಾಪಾರಿಗೆ ಒಂದು ಅನುಮಾನ ಬಂತು. ಎಲ್ಲ ಸರಿ, ಈ ದಿ ಸ್ವಲ್ಪ ಅಂಚಿಗೆ ಬಂದು ಓರೆಯಾಗಿದೆಯಲ್ಲ, ನೆಟ್ಟಗೆ ಮಾಡಬಾರದೇ ಎಂದು ಕೇಳಿದ. ಇರಲಿ ಬಿಡಿ ಎಂದ ಡಿಸೈನರ್. ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಪ್ರೆಸ್ಸಿನವನು ಅವನ ಹಣೆ ಮುಟ್ಟಿ ನೋಡಿದನಂತೆ. ಇದನ್ನು ನಾನು ಸೇರಿಸಿದ್ದಿರಬಹುದು.

ತಪ್ಪು ಕಾರ್ಡುಗಳನ್ನು ಹೊಳೆಗೆ ಬಿಡುವುದೆಂದು ತೀರ್ಮಾನವಾಗಿತ್ತು. ಒಂದೂ ಹೊರಗೆ ಉಳಿಯಬಾರದು. ಡಿಸೈನರೇ ಕೂತು ಎಣಿಸಿದ. ಐನೂರ ತೊಂಬತ್ತೊಂಬತ್ತು. ಮತ್ತೆ ಎಣಿಸಿದ, ಅಷ್ಟೇ. ಇನ್ನೊಂದು ಯಾರ ಹತ್ತಿರ ಇದೆಯೋ, ಊರೆಲ್ಲ ತೋರಿಸಿ ತನ್ನ ಮಾನ ಕಳೆಯುತ್ತಾರೋ ಎಂದು ಮನೆಯವರನ್ನೆಲ್ಲ ಕೇಳುತ್ತ ಬಂದ. ಕೊನೆಗೆ ಮೃತ್ಯುಂಜಯಪ್ಪನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು, ಅದು ನನ್ನ ಟ್ರಂಕಿನಲ್ಲಿದೆ ಎಂದರು. ಕೊಡಿ ತಾಯಿ, ಅದರಲ್ಲಿ ತಪ್ಪಿದೆ ಎಂದ ಇವನು. ಗೊತ್ತು, ನಮ್ಮವರು ಅದರಲ್ಲಿ ಇನ್ನೂ ಹೋಗಿಲ್ಲ, ಅದೊಂದು ನನಗಿರಲಿ ಎಂದರು ಆಕೆ.

ಡಿಸೈನರ್ ಮತ್ತೆ ಕೇಳಲಿಲ್ಲ. ಪ್ರೆಸ್ಸಿನವನಿಗೆ ಹೋಗಿ ಆರುನೂರೂ ಸಿಕ್ಕವು ಎಂದು ಹೇಳಿದ.

ಅವನು ಈಗಲೂ ಲಗ್ನಪತ್ರಿಕೆ ಮಾಡುತ್ತಾನೆ. ಯಾವ ಬಹುಮಾನವೂ ಬಂದಿಲ್ಲ. ಕೆಲಸ ನಿಧಾನ ಎಂದು ಜನ ಬೈಯುತ್ತಾರೆ. ಹಾಳೆ ಕೈಗೆ ಬಂದ ಕೂಡಲೇ ಗಿರಾಕಿಗೆ ಕುರ್ಚಿ ಕೊಟ್ಟು, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು, ಇವರು ಯಾರು, ಇವರು ಯಾರು ಎಂದು ಕೇಳುತ್ತ ಕೂರುತ್ತಾನೆ. ಮೊದಮೊದಲು ಗಿರಾಕಿಗಳಿಗೆ ಬೇಸರವಾಗುತ್ತದೆ. ಆಮೇಲೆ ಅವರನ್ನು ಎಬ್ಬಿಸಿ ಕಳಿಸುವುದೇ ಕಷ್ಟ.

ಕತೆ ಮುಗಿಯಿತು.

ಆ ಡಿಸೈನರ್ ನೀವೇ ಅಲ್ಲವೇ ಸಾರ್ ಎಂದು ಇಂಚರಾ ಕೇಳಿದಳು. ಅಲ್ಲ, ಅವನಿಗೆ ತಲೆಯ ತುಂಬ ಕೂದಲಿತ್ತು ಎಂದೆ. ಅವಳು ನಕ್ಕಳು. ನಗುತ್ತಿರುವಾಗಲೇ, ನಿನ್ನ ಕೆಲಸ ತೋರಿಸು ಎಂದು ಕೈ ಚಾಚಿದೆ.

ಚೀಲದಿಂದ ಹಾಳೆ ತೆಗೆದು ಕೊಟ್ಟಳು. ಚೆನ್ನಾಗಿತ್ತು. ಸುಳ್ಳು ಹೇಳುತ್ತಿಲ್ಲ, ಅವಳ ವಯಸ್ಸಿನಲ್ಲಿ ನನಗೆ ಅಷ್ಟು ಬರುತ್ತಿರಲಿಲ್ಲ. ನಡುವೆ ಖಾನಾವಳಿಯ ಹೆಸರು, ಸುತ್ತ ಹಾಲಿನಂಥ ಬಿಳಿ. ಕೆಳಗಿನ ಮೂಲೆಯಲ್ಲಿ ಮಾತ್ರ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಕಣ್ಣಿಗೆ ಬೀಳದಿರಲಿ ಎಂಬ ಹಾಗೆ ಒಂದು ಸಾಲು ಇತ್ತು: ‘ದೀಪ ಬೆಳಗಿಸುವವರು ಶ್ರೀಮತಿ ಹುಲಿಗೆಮ್ಮ.’

ನಾನು ಅದರ ಮೇಲೆ ಬೆರಳಿಟ್ಟೆ.

“ಈ ಹುಲಿಗೆಮ್ಮ ಯಾರಮ್ಮಾ?”

ಇಂಚರಾ ಹಾಳೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಹಾಳೆ ನೋಡಿದಳು.

“ನಾಳೆ ಬೆಳಿಗ್ಗೆ ಹೋಗುತ್ತೀಯಲ್ಲ, ಕೇಳಿಕೊಂಡು ಬಾ, ಈಗ ನನ್ನ ಟೀ ದುಡ್ಡು ಕೊಟ್ಟುಬಿಡು, ಜೇಬಿರುವ ಅಂಗಿ ಹಾಕಿಕೊಂಡು ಬರುವುದು ಮರೆತೆ.”